ಮಳೆಯ ಲೆಕ್ಕವೂ ತಂತ್ರಾಂಶದ ಪರೀಕ್ಷೆಯೂ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಬೆಟ್ಟಸೀಮೆಯಲ್ಲಿ ಕಾಫಿತೋಟವುಳ್ಳವರ ಮನೆಗೆ ಹೋದವರು ಅಂಗಳದ ಒಂದು ಬದಿಯಲ್ಲಿ ಮಳೆಮಾಪಕವನ್ನು ನೋಡಿರಬಹುದು. ಮಳೆ ಬಂದ ಮರುದಿನ ಬೆಳಗ್ಗೆ ಅದರಲ್ಲಿ ನಿಂತ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಡುವುದು ಅಲ್ಲಿ ತಲೆಮಾರುಗಳಿಂದ ಬಂದ ರೂಢಿ. ದಶಮಾನ ಪದ್ಧತಿ ದೇಶದಲ್ಲಿ ಜಾರಿಗೆ ಬಂದು ಅರುವತ್ತು ವರ್ಷಗಳ ಮೇಲಾಗಿದ್ದರೂ ತೋಟದವರ ಬಾಯಲ್ಲಿ ಮಳೆಗೆ ಇಂಚಿನ ಲೆಕ್ಕವೇ ನಡೆಯುತ್ತದೆ. ಇಂಚಿನ ನೂರನೆಯ ಒಂದು ಭಾಗಕ್ಕೆ ಅವರು ‘ಸೆಂಟ್’ ಎನ್ನುತ್ತಾರೆ. ಮಾರ್ಚಿ ತಿಂಗಳಿನಲ್ಲಿ ಇಬ್ಬರು ಬೆಳೆಗಾರರು ಎದುರಾದರೆ, “ನಿಮ್ಮಲ್ಲಿ ಎಷ್ಟು ಬಿತ್ತು ಗೌಡ್ರೆ?” “ನಲವತ್ತು ಸೆಂಟ್ಸ್ ಅಷ್ಟೆ” ಎಂಬ ಮಾತು ಕುಶಲಪ್ರಶ್ನೆಗಿಂತ ಮೊದಲೇ ಬರುತ್ತದೆ. ಈ ಒಂದು ಮಾತನ್ನು ಹಿಡಿದುಕೊಂಡು ನಾವು ಇಂದು ಗಣಕವಿಜ್ಞಾನದ ಒಂದು ಪ್ರಶ್ನೆಯನ್ನು ವಿಚಾರಮಾಡೋಣ. ತಂತ್ರಾಂಶವನ್ನು ರಚಿಸುವವರು ಅದನ್ನು ಬಳಸುವವರ ಬಳಿಗೆ ತಾವೇ ಹೋಗಿ ನೋಡಬೇಕೆ? ದೂರದಲ್ಲಿ ಕುಳಿತು ಅಂಕಿಗಳನ್ನು ತರಿಸಿಕೊಂಡರೆ ಸಾಲದೆ?

ಮೊದಲು ಆ ನಲವತ್ತು ಸೆಂಟಿನ ಬೆಲೆಯೇನೆಂಬುದು ತಿಳಿಯಬೇಕು. ಕಾಫಿಗಿಡದ ಹೂಮೊಗ್ಗುಗಳು ಒಣಹವೆಯ ತಿಂಗಳುಗಳಲ್ಲಿ ಬೆಳವಣಿಗೆಯನ್ನು ನಿಲ್ಲಿಸಿ ಸುಪ್ತವಾಗಿರುತ್ತವೆ. ಒಂದು ಒಳ್ಳೆಯ ಮಳೆ ಬಿದ್ದೊಡನೆ ಅವು ಎಚ್ಚೆತ್ತು, ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗುವಂತೆ ಅರಳುತ್ತವೆ. ಇದೇ ಹೂಮಳೆ. ರೊಬಸ್ಟಾ ಜಾತಿಗೆ ಈ ಮಳೆ ಒಂದು ಇಂಚಿನಷ್ಟಾದರೂ, ಎಂದರೆ ಸುಮಾರು 25 ಮಿಲಿಮೀಟರಿನಷ್ಟಾದರೂ, ಬೀಳಬೇಕು. ತೀರ ಕಡಿಮೆಯಾದರೆ ಎಚ್ಚೆತ್ತ ಮೊಗ್ಗು ಅರಳಲಾರದೆ ನಡುದಾರಿಯಲ್ಲಿಯೇ ಕೆಡುತ್ತದೆ. ಆದುದರಿಂದ ನೀರಿನ ಅನುಕೂಲವುಳ್ಳವರು ಕೂಡಲೆ ಸ್ಪ್ರಿಂಕ್ಲರ್ ಹೂಡಿ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಈ ನಿರ್ಧಾರಕ್ಕೆ ದೊರೆಯುವ ಕಾಲ ಕೆಲವೇ ದಿನಗಳು. ತಪ್ಪಿದರೆ ಹೋಗುವುದು ಒಂದು ವರ್ಷದ ಫಸಲು.

ಈಗ ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲವು ಬುದ್ಧಿವಂತ ತರುಣರು ಬೆಳೆಗಾರರಿಗಾಗಿ ಮೊಬೈಲಿನ ಒಂದು ತಂತ್ರಾಂಶವನ್ನು ರಚಿಸಿದರೆಂದು ಊಹಿಸಿಕೊಳ್ಳೋಣ. ದಿನದ ಮಳೆಯನ್ನು ಅದರಲ್ಲಿ ತುಂಬಿದರೆ, ನೀರು ಹಾಯಿಸಬೇಕೋ ಬೇಡವೋ ಎಂಬ ಸಲಹೆಯನ್ನು ಅದು ಕೊಡುತ್ತದೆ. ಅಳತೆಯ ಮಾನ ಮಿಲಿಮೀಟರ್. ಹಾಗೆಂದು ಸಣ್ಣ ಅಕ್ಷರದಲ್ಲಿ ಬರೆದೂ ಇದೆ. ತೋಟದ ರೈಟರು ಪುಸ್ತಕವನ್ನು ನೋಡಿ 40 ಎಂದು ಒತ್ತುತ್ತಾನೆ. ನಿಜವಾಗಿ ಬಿದ್ದುದು 0.40 ಇಂಚು. ಇಂಚಿಗೆ 25.4 ಮಿಲಿಮೀಟರಿನಂತೆ ಗುಣಿಸಿದರೆ 10.16 ಮಿಲಿಮೀಟರ್ ಮಾತ್ರ. ತಂತ್ರಾಂಶವು ಅದನ್ನು 40 ಮಿಲಿಮೀಟರ್ ಎಂದು ತಿಳಿದು, “ಹೂಮಳೆ ಸಾಕಷ್ಟಾಗಿದೆ, ನೀರು ಬೇಡ” ಎಂದು ಉತ್ತರ ಕೊಡುತ್ತದೆ.

ಕಚೇರಿಯವರಿಗೆ ಈ ತಪ್ಪು ಕಾಣುವುದೆ? ಮಾರ್ಚಿಯಲ್ಲಿ 40 ಮಿಲಿಮೀಟರ್ ಮಳೆ ಬೀಳುವುದು ಅಸಂಭವವೇನೂ ಅಲ್ಲ. ಆದುದರಿಂದ ಅಂಕಿಗಳ ತಾಳೆ ನೋಡುವ ಯಾವ ಯುಕ್ತಿಯೂ ಅದನ್ನು ಹಿಡಿಯಲಾರದು. ಯಂತ್ರ ನಿಲ್ಲಲಿಲ್ಲ, ದೂರು ಬರಲಿಲ್ಲ, ಬಳಸುವವರ ಸಂಖ್ಯೆಯೂ ಕುಗ್ಗಲಿಲ್ಲ. ಬೆಳೆಗಾರನಿಗಾದರೂ ತಾನು ತಪ್ಪು ತುಂಬಿದೆನೆಂಬ ಅರಿವಿಲ್ಲ. ಪ್ರಶ್ನಾವಳಿಯನ್ನು ಕಳುಹಿಸಿದರೆ ಆತನು ಏನೆಂದು ಬರೆದಾನು? ಅರಿವಿಗೆ ಬಾರದ ತೊಂದರೆಯನ್ನು ಯಾರೂ ವರದಿಮಾಡಲಾರರು. ದೂರದ ಸಮೀಕ್ಷೆಗಳ ಮುಖ್ಯ ಕೊರತೆ ಇದೇ ಎಂಬುದು ನಮ್ಮ ಅಭಿಪ್ರಾಯ.

ಆ ತರುಣರಲ್ಲಿ ಒಬ್ಬನು ಒಂದು ಬೆಳಗ್ಗೆ ತೋಟದ ಮನೆಯ ಜಗಲಿಯಲ್ಲಿ ಅರ್ಧ ಗಂಟೆ ಕುಳಿತಿದ್ದರೆ ಸಾಕಾಗಿತ್ತು. ಮಾಪಕದ ಗಾಜಿನ ಮೇಲಿನ ಗೆರೆಗಳನ್ನು ಆತನು ಕಣ್ಣಾರೆ ನೋಡುತ್ತಿದ್ದನು. “ನಲವತ್ತು” ಎಂಬ ಮಾತನ್ನು ಕಿವಿಯಾರೆ ಕೇಳುತ್ತಿದ್ದನು. ಕೇಳದೆ ತಿಳಿಯುವ ಬೇರೆ ಸಂಗತಿಗಳೂ ಎಷ್ಟೋ ಉಂಟು. ಮಳೆ ಅಳೆಯುವವನು ರೈಟರು, ಮೊಬೈಲು ಇರುವುದು ಯಜಮಾನರ ಕೈಯಲ್ಲಿ. ಕಳಸದ ಕಡೆಯ ಕಣಿವೆಗಳಲ್ಲಾದರೆ ಸಿಗ್ನಲ್ ಹುಡುಕಿಕೊಂಡು ಅಂಗಳದ ತುದಿಗೋ ದಿಬ್ಬದ ಮೇಲಕ್ಕೋ ಹೋಗಬೇಕಾಗಬಹುದು. ಜೂನ್ ತಿಂಗಳಿನಲ್ಲಿ ಒದ್ದೆ ಬೆರಳಿಗೆ ಪರದೆ ಮಣಿಯುವುದಿಲ್ಲ. ಇನ್ನು ಮಾಪನದ ತಪ್ಪನ್ನು ತಿದ್ದುವುದಕ್ಕೆ ಬೇಕಾದುದಾದರೂ ಏನು? ಇಂಚು, ಸೆಂಟುಗಳಿಗೆ ಎರಡು ಮನೆಗಳನ್ನು ಮಾಡಿ, ಒಳಗೆ 25.4ರಿಂದ ಗುಣಿಸುವ ಒಂದು ಸಾಲನ್ನು ಬರೆದರೆ ಮುಗಿಯಿತು.

ಬಳಸುವವರ ಮಾತನ್ನೇ ಸ್ವೀಕರಿಸುವುದರಿಂದ ವಿಜ್ಞಾನಕ್ಕೆ ಕುಂದೇನೂ ಇಲ್ಲ. ಮೈಸೂರು ಸೀಮೆಯ ಕಾಫಿಗೆ ತಗಲುತ್ತಿದ್ದ ಶಿಲೀಂಧ್ರವೊಂದಕ್ಕೆ 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಎಂಬ ವಿದ್ವಾಂಸರು ಹೆಸರಿಟ್ಟಾಗ, ಲ್ಯಾಟಿನ್ ಪದದ ಜೊತೆಗೆ ನಮ್ಮ ರೈತರ ಮಾತನ್ನೇ ಸೇರಿಸಿ ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದು ಕರೆದರು.

ಅಮೆರಿಕದಲ್ಲಿ 1983ರಲ್ಲಿ ಸ್ಥಾಪನೆಯಾದ ಇಂಟ್ಯೂಟ್ ಎಂಬ ಸಂಸ್ಥೆಯವರು ಮನೆವಾರ್ತೆಯ ಲೆಕ್ಕಕ್ಕಾಗಿ ಒಂದು ತಂತ್ರಾಂಶವನ್ನು ಮಾರುತ್ತಿದ್ದರು. ಕೊಂಡವರ ಒಪ್ಪಿಗೆ ಪಡೆದು ಅವರ ಹಿಂದೆಯೇ ಮನೆಗೆ ಹೋಗಿ, ಅವರು ಅದನ್ನು ಬಳಸುವ ರೀತಿಯನ್ನು ಸುಮ್ಮನೆ ನೋಡುವ ಪದ್ಧತಿಯನ್ನು ಈ ಸಂಸ್ಥೆಯವರು ಬೆಳೆಸಿದರು. ಇಲ್ಲಿ ‘ಸುಮ್ಮನೆ’ ಎಂಬ ಮಾತಿಗೆ ಮಹತ್ತ್ವವಿದೆ. ಏಕೆಂದರೆ ಎದುರಿಗೆ ಹೋಗುವುದರಲ್ಲಿಯೂ ಒಂದು ಅಪಾಯವುಂಟು.

ಮಲೆನಾಡಿನ ಮನೆಗೆ ಅತಿಥಿಯಾಗಿ ಹೋದವರಿಗೆ ಇದು ಬೇಗ ಅರ್ಥವಾದೀತು. ಕಾಫಿ, ಕಡುಬು ಮುಂದಿಟ್ಟು ಉಪಚರಿಸಿದ ಯಜಮಾನರು, ಅಷ್ಟು ದೂರದಿಂದ ಬಂದ ಹುಡುಗನ ಮುಖ ನೋಡಿಕೊಂಡು “ನಿಮ್ಮ ತಂತ್ರಾಂಶ ಉಪಯೋಗಕ್ಕಿಲ್ಲ” ಎಂದಾರೆ? “ಚೆನ್ನಾಗಿದೆ ಸಾರ್” ಎನ್ನುವರು. ಈ ದಾಕ್ಷಿಣ್ಯವನ್ನು ಅಳೆದು ನೋಡಿದವರೂ ಇದ್ದಾರೆ. ಬೆಂಗಳೂರಿನಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 450 ಸಂದರ್ಶನಗಳನ್ನು ಮಾಡಲಾಯಿತು. ಎರಡು ಸಾಧನಗಳಲ್ಲಿ ಯಾವುದು ಮೇಲೆಂದು ಕೇಳಿದಾಗ, ಅವೆರಡೂ ಒಂದೇ ತೆರನಾಗಿದ್ದರೂ, ಪ್ರಶ್ನೆ ಕೇಳುವವರು ತಾವೇ ಮಾಡಿದ್ದೆಂದು ನಂಬಿಸಿದ ಸಾಧನವನ್ನು ಆರಿಸುವ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು. ಕೇಳುವವರು ದುಭಾಷಿಯ ಸಹಾಯ ಪಡೆದ ವಿದೇಶೀಯರಾದಾಗ ಅದು ಐದು ಪಟ್ಟಿಗೆ ಏರಿತು! ಅವರ ಸಾಧನವನ್ನು ಬೇಕೆಂದೇ ಕೆಡಿಸಿ ತೋರಿಸಿದಾಗಲೂ ಜನ ಅದನ್ನೇ ಮೆಚ್ಚಿದರು.

ಹಾಗಾದರೆ ಹೋಗಿ ಮಾಡುವುದೇನು? ಅಭಿಪ್ರಾಯವನ್ನು ಕೇಳುವುದಲ್ಲ; ಒಂದು ಕೆಲಸವನ್ನು ಕೊಟ್ಟು, ಮಾಡುವ ಕೈಯನ್ನು ನೋಡುವುದು. “ಇದು ಸುಲಭವಾಗಿದೆಯೆ?” ಎಂಬ ಪ್ರಶ್ನೆಗೆ ಸೌಜನ್ಯದ ಉತ್ತರ ಬರುತ್ತದೆ. “ನಿನ್ನೆಯ ಮಳೆಯನ್ನು ತುಂಬಿ ತೋರಿಸಿ” ಎಂದರೆ ದಾಕ್ಷಿಣ್ಯಕ್ಕೆ ಅಷ್ಟು ಎಡೆಯಿರುವುದಿಲ್ಲ. ಇದಕ್ಕೆ ನಿದರ್ಶನವಾಗಿ ಗುಜರಾತಿನ ರೈತರಲ್ಲಿ ನಡೆದ ಒಂದು ಪ್ರಯೋಗವನ್ನು ನೋಡಬಹುದು. ದೂರವಾಣಿಯ ಮೂಲಕ ಬೇಸಾಯದ ಮಾಹಿತಿ ಕೊಡುವ ಸೇವೆಯೊಂದರಲ್ಲಿ ರೈತನು ತನಗೆ ಬೇಕಾದುದನ್ನು ಬಾಯಲ್ಲಿ ಹೇಳಬೇಕೆ, ಅಂಕಿಯ ಗುಂಡಿಯನ್ನು ಒತ್ತಬೇಕೆ ಎಂಬ ಪ್ರಶ್ನೆಯಿತ್ತು. ಓದು ಕಡಿಮೆಯಿರುವವರಿಗೆ ಮಾತೇ ಸುಲಭವೆಂದು ನಾವಾದರೂ ಊಹಿಸುತ್ತಿದ್ದೆವು. 45 ಮಂದಿಗೆ ಕೆಲಸ ಕೊಟ್ಟು ನೋಡಿದಾಗ ಗುಂಡಿ ಒತ್ತಿದವರೇ ಹೆಚ್ಚು ಯಶಸ್ವಿಗಳಾದರು. ಎಂಟನೆಯ ತರಗತಿಗಿಂತ ಕಡಿಮೆ ಓದಿದವರಲ್ಲಂತೂ ಈ ವ್ಯತ್ಯಾಸ ಎದ್ದು ಕಂಡಿತು. 2009ರಲ್ಲಿ ಇದರ ಫಲಿತಾಂಶ ಪ್ರಕಟವಾಯಿತು.

ಎಷ್ಟು ಜನರನ್ನು ಹೀಗೆ ನೋಡಬೇಕು? ಇದಕ್ಕೆ ಒಂದು ಸರಳವಾದ ಗಣಿತವಿದೆ. ಒಬ್ಬ ಬಳಕೆದಾರನನ್ನು ನೋಡಿದರೆ ಇರುವ ದೋಷಗಳಲ್ಲಿ ಸರಾಸರಿ ನೂರಕ್ಕೆ 31 ಕಾಣಬರುತ್ತವೆಂದು ನೀಲ್ಸನ್ ಮತ್ತು ಲ್ಯಾಂಡಾವರ್ ಎಂಬುವರು 1993ರಲ್ಲಿ ಲೆಕ್ಕಹಾಕಿದರು. ಎಂದರೆ ಉಳಿಯುವ ಪಾಲು 0.69. ಇಬ್ಬರನ್ನು ನೋಡಿದ ಮೇಲೆ ಉಳಿಯುವುದು 0.69ರ ವರ್ಗ, ಎಂದರೆ 0.48. ಐವರಾದ ಮೇಲೆ 0.69ರ ಐದನೆಯ ಘಾತ, ಸುಮಾರು 0.16. ಆದುದರಿಂದ ಐವರಿಂದಲೇ ನೂರಕ್ಕೆ 84ರಷ್ಟು ದೋಷಗಳು ಬಯಲಾಗುತ್ತವೆ. ಆದರೆ ಈ ಸೂತ್ರವನ್ನು ಕಣ್ಣುಮುಚ್ಚಿ ನಂಬಬಾರದು. ಇಪ್ಪತ್ತು ಜನರಲ್ಲಿ ಒಬ್ಬನಿಗೆ ಮಾತ್ರ ಒದಗುವ ತೊಡಕಾದರೆ, 0.95ರ ಐದನೆಯ ಘಾತ 0.77, ಐವರನ್ನು ನೋಡಿಯೂ ಅದು ಕಾಣುವ ಸಂಭವ ನೂರಕ್ಕೆ 23 ಮಾತ್ರ. ಜೊತೆಗೆ, ಆ ಐವರೂ ಪಟ್ಟಣದಲ್ಲಿ ಓದಿ ಬಂದ ಯಜಮಾನರೇ ಆದರೆ ಹೇಗೆ? ರೈಟರ ತೊಡಕಾಗಲಿ, ಮೇಸ್ತ್ರಿಯ ತೊಡಕಾಗಲಿ, ಅಸ್ಸಾಮಿನಿಂದ ಬಂದು ಕನ್ನಡವನ್ನು ಓದಲಾರದ ಕೆಲಸಗಾರನ ತೊಡಕಾಗಲಿ ಅಲ್ಲಿ ಕಾಣುವಂತೆಯೇ ಇಲ್ಲ.

ಎಲ್ಲರ ಬಳಿಗೂ ಹೋಗುವುದು ಸಾಧ್ಯವಿಲ್ಲವೆಂಬುದೂ ನಿಜ. ದೇಶದಲ್ಲಿ ಕಾಫಿ ಬೆಳೆಗಾರರ ಸಂಖ್ಯೆ ಸುಮಾರು 3.66 ಲಕ್ಷವೆಂದು 2018ರಲ್ಲಿ ಸರ್ಕಾರ ತಿಳಿಸಿತು. ಅವರೆಲ್ಲರನ್ನೂ ವಿಸ್ತರಣಾಧಿಕಾರಿಗಳು ಮುಟ್ಟಲಾರರೆಂದೇ ಅದೇ ವರ್ಷ ಕಾಫಿ ಮಂಡಳಿಯು ‘ಕಾಫಿ ಕೃಷಿ ತರಂಗ’ ಎಂಬ ಮೊಬೈಲ್ ಸಲಹಾಸೇವೆಯನ್ನು ಚಿಕ್ಕಮಗಳೂರು, ಹಾಸನ ಜಿಲ್ಲೆಗಳ 30,000 ಬೆಳೆಗಾರರಿಗಾಗಿ ಪ್ರಾಯೋಗಿಕವಾಗಿ ಆರಂಭಿಸಿತು. ಇಂಥ ಸೇವೆಯಲ್ಲಿ ಒಂದು ದೋಷ ಎಷ್ಟು ಜನರನ್ನು ಕಾಡುತ್ತಿದೆಯೆಂಬುದನ್ನು ಅಂಕಿಗಳೇ ಹೇಳಬೇಕು. ಆ ದೋಷ ಯಾವುದೆಂಬುದು ಜಗಲಿಯಲ್ಲಿ ತಿಳಿಯುತ್ತದೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಮನೆಯ ಹಿರಿಯರೊಬ್ಬರಿಗೆ ಅವರು ಹಿಂದೆ ಬಳಸದ ಒಂದು ತಂತ್ರಾಂಶವನ್ನು ಕೊಟ್ಟು, ನಾಳೆಯ ಬಸ್ಸಿನ ವೇಳೆಯನ್ನೋ ಕಾಫಿಯ ಇಂದಿನ ಧಾರಣೆಯನ್ನೋ ಹುಡುಕುವಂತೆ ಹೇಳಿರಿ. ಪಕ್ಕದಲ್ಲಿ ಕುಳಿತು, ಬೆರಳು ಎಲ್ಲೆಲ್ಲಿ ತಡೆಯಿತು, ಯಾವ ಪದವನ್ನು ಎರಡು ಸಲ ಓದಿದರು ಎಂಬುದನ್ನು ಬರೆದುಕೊಳ್ಳಿರಿ. ಮುಗಿದ ಮೇಲೆ, ಕಷ್ಟವಾಯಿತೆ ಎಂದು ಕೇಳಿ ಆ ಉತ್ತರವನ್ನೂ ಬರೆಯಿರಿ. ಎರಡನ್ನೂ ಹೋಲಿಸಿ ನೋಡಿರಿ. ಒಂದು ಎಚ್ಚರಿಕೆ: ನಡುವೆ ಬಾಯಿ ಹಾಕಿ “ಅಲ್ಲಿ ಒತ್ತಿ ಅಜ್ಜ” ಎಂದರೆ ಪ್ರಯೋಗ ಕೆಟ್ಟಂತೆಯೇ.