ಗಣಕಯಂತ್ರದ ಮೋಡ, ಹೊಲದ ಮಳೆ

ಮಳೆಯ ಮುನ್ಸೂಚನೆ ಬಂದ ದಿನ ಕೊಡಿಗೇನಹಳ್ಳಿಯ ಒಂದು ಹೊಲ ತೋಯ್ದು, ಅನತಿ ದೂರದ ಇನ್ನೊಂದು ಹೊಲ ಒಣಗಿಯೇ ಉಳಿಯುವುದುಂಟು. ಮುನ್ಸೂಚನೆಯೇ ಸುಳ್ಳೆಂದು ರೈತರು ಬೇಸರಪಡುವುದು ಸಹಜ. ಗಣಕಯಂತ್ರವು ಮೋಡವನ್ನು ಲೆಕ್ಕ ಹಾಕುವ ಬಗೆಯನ್ನು ಅರಿತರೆ, ಯಾವ ಮುನ್ಸೂಚನೆಯನ್ನು ಎಷ್ಟು ನಂಬಬೇಕೆಂಬುದು ತಿಳಿಯುತ್ತದೆ.

ಚೌಕಗಳ ಲೆಕ್ಕ

ಗಾಳಿ, ಉಷ್ಣತೆ ಮತ್ತು ತೇವಾಂಶದ ನಿಯಮಗಳನ್ನು ಸಮೀಕರಣಗಳಾಗಿ ಬರೆದು ಗಣಕಯಂತ್ರದಲ್ಲಿ ಬಿಡಿಸುವುದೇ ಹವಾಮಾನ ಮಾದರಿ. ಇದರಲ್ಲಿ ವಾತಾವರಣವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಸರಾಸರಿ ಬೆಲೆಗಳನ್ನು ಕೊಡಲಾಗುತ್ತದೆ. ಮುಂದಿನ ದಶಕಗಳ ಹವಾಗುಣವನ್ನು ಅಂದಾಜು ಮಾಡುವ ಅನೇಕ ಮಾದರಿಗಳಲ್ಲಿ ಚೌಕದ ಬದಿ ಸುಮಾರು 100 ಕಿ.ಮೀ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಬಹುಮಟ್ಟಿಗೆ ಅಂಥ ಒಂದೇ ಚೌಕದಲ್ಲಿ ಹಿಡಿಸುತ್ತವೆ. ಗುಡುಗಿನ ಮೋಡದ ಅಗಲವಾದರೋ ಕೆಲವೇ ಕಿ.ಮೀ. ಆದ್ದರಿಂದ ಬಿಡಿ ಮೋಡವು ಮಾದರಿಗೆ ಕಾಣುವುದಿಲ್ಲ.

ಮೋಡಕ್ಕೆ ಬದಲು ಸೂತ್ರ

ಮೋಡದ ಹನಿಯ ಅಡ್ಡಳತೆ ಸುಮಾರು 0.02 ಮಿ.ಮೀ. ಅಂಥ ಹತ್ತು ಲಕ್ಷ ಹನಿಗಳು ಕೂಡಿದರೆ 2 ಮಿ.ಮೀ.ನ ಒಂದು ಮಳೆಹನಿ. ಇವನ್ನು ಒಂದೊಂದಾಗಿ ಎಣಿಸುವುದು ಅಸಾಧ್ಯ. ಬದಲಿಗೆ ಚೌಕದ ಸರಾಸರಿ ತೇವಾಂಶದಿಂದ ಎಷ್ಟು ಭಾಗ ಮೋಡ ಮುಸುಕಿದೆಯೆಂದು ಸೂತ್ರದ ಮೂಲಕ ಅಂದಾಜು ಮಾಡುತ್ತಾರೆ. ನೆಲದ ಬಳಿಯ ಬಿಸಿಗಾಳಿ ಸುತ್ತಲಿನ ಗಾಳಿಗಿಂತ ಹಗುರವಾಗಿ ಮೇಲೇರಬಲ್ಲುದಾದರೆ, ಇನ್ನೊಂದು ಸೂತ್ರವು ಗುಡುಗು ಮಳೆಯನ್ನು ಲೆಕ್ಕಕ್ಕೆ ತರುತ್ತದೆ. 1960ರ ದಶಕದಲ್ಲಿ ಇಂಥ ಸೂತ್ರವನ್ನು ಮೊದಲಿಗೆ ಬಳಸಿದವರಲ್ಲಿ ಸ್ಯುಕುರೊ ಮನಾಬೆ ಪ್ರಮುಖರು. ಇವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಸರಾಸರಿಯ ಮಿತಿ

ಚೌಕದ ಕಾಲು ಭಾಗದಲ್ಲಿ 40 ಮಿ.ಮೀ. ಸುರಿದು ಉಳಿದೆಡೆ ಹನಿಯೂ ಬೀಳದಿದ್ದರೆ ಸರಾಸರಿ 10 ಮಿ.ಮೀ. ಆದರೆ ಎಲ್ಲಿಯೂ 10 ಮಿ.ಮೀ. ಬಿದ್ದಿರುವುದಿಲ್ಲ! ಅನೇಕ ಮಾದರಿಗಳು ತುಂತುರು ಮಳೆಯನ್ನು ಹೆಚ್ಚಾಗಿಯೂ ಬಿರುಮಳೆಯನ್ನು ಕಡಿಮೆಯಾಗಿಯೂ ತೋರಿಸುತ್ತವೆ. ಭಾರತವು 2025ರ ಮೇ ತಿಂಗಳಲ್ಲಿ 6 ಕಿ.ಮೀ. ಚೌಕದ ಮುನ್ಸೂಚನಾ ಮಾದರಿಯನ್ನು ಬಳಕೆಗೆ ತಂದಿತು. ಇದು ದೊಡ್ಡ ಸುಧಾರಣೆ. ಆದರೂ ಅದರ ಒಂದು ಚೌಕದಲ್ಲಿ ಸುಮಾರು 8,900 ಎಕರೆ ಇರುತ್ತದೆ.

ರೈತರು ಗಮನಿಸಬೇಕಾದ ಅಂಶಗಳು

1. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ ನೂರಾರು ಕಿ.ಮೀ. ಹರಡುವುದರಿಂದ ಅದರ ಮುನ್ಸೂಚನೆಯನ್ನು ಹೆಚ್ಚು ನಂಬಬಹುದು. ಅಂಥ ಸೂಚನೆ ಇದ್ದಾಗ ಕಡಲೆಕಾಯಿ ಗಿಡ ಕೀಳುವುದನ್ನು ಮುಂದೂಡಿ, ಕಿತ್ತ ಬೆಳೆಯನ್ನು ರಕ್ಷಿಸಬೇಕು.

2. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಯಾವ ಹೊಲಕ್ಕೆ ಬೀಳುವುದೆಂದು ಮುಂಚಿತವಾಗಿ ಹೇಳಲಾಗದು.

3. ಮುನ್ಸೂಚನೆಯೊಂದನ್ನೇ ನಂಬಿ ಕಡಲೆಕಾಯಿ ಬಿತ್ತಬಾರದು. ಎಕರೆಗೆ ಸುಮಾರು 40 ಕೆ.ಜಿ. ಬೀಜ ಬೇಕು. ಮೇಲ್ಪದರ ಮಾತ್ರ ನೆನೆದಿದ್ದರೆ ಕೆಂಪು ಮಣ್ಣು ಬೇಗ ಆರಿ ಮೊಳಕೆ ಕೆಡುತ್ತದೆ. ಅರ್ಧ ಅಡಿ ಅಗೆದು ಹಸಿ ನೋಡಿ, ಹದವಿದ್ದರೆ ಮಾತ್ರ ಬಿತ್ತಬೇಕು.

4. ಬಿದ್ದ ಮಳೆಯನ್ನು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ವರದಿಯೊಡನೆ ಹೋಲಿಸಬೇಕು. ಹೊಲದಲ್ಲಿಯೇ ಮಾಪಕ ಇಟ್ಟರೆ ಇನ್ನೂ ಉತ್ತಮ. 10 ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 40,000 ಲೀಟರ್ ನೀರು.

5. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಇದರಿಂದ ಬಿರುಮಳೆ ಇನ್ನಷ್ಟು ಬಿರುಸಾಗುತ್ತದೆ. ಬದು, ಕೃಷಿ ಹೊಂಡಗಳನ್ನು ಮಳೆಗಾಲಕ್ಕೆ ಮುಂಚೆಯೇ ಸರಿಪಡಿಸಿಕೊಂಡರೆ ಮಣ್ಣೂ ನೀರೂ ಹೊಲದಲ್ಲಿಯೇ ಉಳಿಯುತ್ತವೆ.