ಟ್ಯಾಂಕರ್ ಹತ್ತುವ ಮುನ್ನ ಮೂರು ದಿನದ ಪಾಠ

ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ 2013ರ ಏಪ್ರಿಲ್ 9ರಂದು ಅಡುಗೆ ಅನಿಲದ ಟ್ಯಾಂಕರ್ ಮಗುಚಿತು. ಸೋರಿದ ಅನಿಲಕ್ಕೆ ಬೆಂಕಿ ತಗುಲಿ, ಹೆದ್ದಾರಿ ಪಕ್ಕದ ಮನೆಗಳಲ್ಲಿದ್ದವರೂ ಸೇರಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬರುವ ಗ್ಯಾಸ್ ಟ್ಯಾಂಕರ್‌ಗಳನ್ನು ಆ ದಾರಿಯ ಜನ ಇಂದಿಗೂ ಭಯದಿಂದಲೇ ನೋಡುತ್ತಾರೆ. ಇಂಥ ಲೋಡ್ ಒಯ್ಯುವವರಿಗೆ ಭಾರಿ ವಾಹನದ ಲೈಸೆನ್ಸ್ ಒಂದೇ ಸಾಲದು. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 9ನೇ ನಿಯಮದ ಪ್ರಕಾರ ಪ್ರತ್ಯೇಕ ತರಬೇತಿ ಪಡೆದು, ಅದನ್ನು ಲೈಸೆನ್ಸ್‌ನಲ್ಲಿ ನಮೂದು ಮಾಡಿಸಿಕೊಂಡಿರಬೇಕು.

ಈ ನಿಯಮ ಟ್ಯಾಂಕರ್‌ಗಳಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಪೆಟ್ರೋಲ್, ಗ್ಯಾಸ್ ಜೊತೆಗೆ ಐಸ್ ಪ್ಲಾಂಟ್‌ಗೆ ಹೋಗುವ ಅಮೋನಿಯಾ, ನೀರು ಶುದ್ಧೀಕರಣ ಘಟಕಕ್ಕೆ ಹೋಗುವ ಕ್ಲೋರಿನ್, ಕಾರ್ಖಾನೆಗೆ ಹೋಗುವ ಆ್ಯಸಿಡ್, ಸ್ಫೋಟಕಗಳು ಎಲ್ಲವೂ ಅಪಾಯಕಾರಿ ಸರಕುಗಳೇ. ಸಿಲಿಂಡರ್ ತುಂಬಿದ ಲಾರಿಯ ಚಾಲಕನಿಗೂ ಈ ತರಬೇತಿ ಬೇಕು.

ಮೊದಲು ಅರ್ಹತೆ, ಆಮೇಲೆ ಸಂಸ್ಥೆ

ಸಾರಿಗೆ ವಾಹನ ಓಡಿಸುವ ಲೈಸೆನ್ಸ್ ನಿಮ್ಮಲ್ಲಿರಬೇಕು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ ಒಂದು ಭಾಷೆಯನ್ನು ಓದಿ ಬರೆಯಲು ಬರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಜೊತೆಗೆ ಇಂಗ್ಲಿಷ್ ಓದು ಬರಹವೂ ಬೇಕು. ಸಾರಿಗೆ ವಾಹನ ಚಾಲಕರಿಗಿದ್ದ ಎಂಟನೇ ತರಗತಿಯ ಷರತ್ತನ್ನು 2019ರಲ್ಲಿ ತೆಗೆದುಹಾಕಿದ್ದು ನಿಜ. ಆದರೆ ಅಪಾಯಕಾರಿ ಸರಕಿನ ಚಾಲಕರು ಅಕ್ಷರ ಬಲ್ಲವರಾಗಿರಬೇಕೆಂಬ ಷರತ್ತು ಬೇರೆಯೇ ಇದೆ, ಅದನ್ನು ಇದರೊಂದಿಗೆ ಬೆರೆಸಬೇಡಿ. ಟ್ಯಾಂಕರ್ ಮೇಲಿನ ಫಲಕದಲ್ಲಿ ಏನು ಬರೆದಿದೆ ಎಂದು ಓದಲಾಗದಿದ್ದರೆ ಮುಂದಿನ ಪಾಠಗಳಿಗೆಲ್ಲ ತಳಪಾಯವೇ ಇರುವುದಿಲ್ಲ.

ತರಬೇತಿಯನ್ನು ರಾಜ್ಯ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲೇ ಪಡೆಯಬೇಕು. ನಿಮ್ಮ ವ್ಯಾಪ್ತಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಮಾನ್ಯತೆ ಇದೆಯೆಂದು ಖಚಿತವಾದ ಮೇಲಷ್ಟೇ ಹಣ ಕಟ್ಟಿ. ಸೇರುವ ಮುನ್ನ ಒಂದು ಪ್ರಶ್ನೆ ಕೇಳಿ: ‘ವಾಹನ ಓಡಿಸಿ ತೋರಿಸುವ ಪಾಠ ಇದೆಯೇ?’ ಒಮ್ಮೆಗೆ ಒಬ್ಬ ಚಾಲಕನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ ಪರೀಕ್ಷಿಸಬೇಕೆಂದು ಪಠ್ಯಕ್ರಮವೇ ಹೇಳುತ್ತದೆ. ರಿಜಿಸ್ಟರ್‌ಗೆ ಸಹಿ ಹಾಕಿಸಿ ಸಂಜೆಗೆ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವವರ ಬಳಿ ಹೋಗಬೇಡಿ. ಆ ಕಾಗದ ಚೆಕ್‌ಪೋಸ್ಟ್ ದಾಟಿಸಬಹುದು, ಘಾಟಿಯ ತಿರುವನ್ನು ದಾಟಿಸುವುದಿಲ್ಲ.

ಮೂರು ದಿನ ಏನು ಕಲಿಯುತ್ತೀರಿ?

ಮೊದಲ ಎರಡು ದಿನ ಸುರಕ್ಷಿತ ಚಾಲನೆಯ ಪಾಠ. ಬ್ರೇಕ್ ಹಾಕಿದ ಮೇಲೆ ವಾಹನ ನಿಲ್ಲಲು ಬೇಕಾಗುವ ದೂರ, ರಾತ್ರಿ ಚಾಲನೆ, ರೈಲ್ವೆ ಗೇಟು, ಮಳೆಗಾಲದ ರಸ್ತೆ, ಹೊರಡುವ ಮುನ್ನ ಮಾಡಬೇಕಾದ ತಪಾಸಣೆ ಇವೆಲ್ಲ ಇರುತ್ತವೆ. ಇಪ್ಪತ್ತು ವರ್ಷ ಲಾರಿ ಓಡಿಸಿದವರಿಗೆ ಇದು ಗೊತ್ತಿದ್ದದ್ದೇ ಅನ್ನಿಸಬಹುದು. ಆದರೆ ಟ್ಯಾಂಕರ್ ಲಾರಿಯಂತೆ ಓಡುವುದಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಗ್ಯಾಸ್ ಟ್ಯಾಂಕರ್‌ಗೆ ಹೊಂದುವುದಿಲ್ಲ, ಏಕೆಂದರೆ ಅದನ್ನು ಎಂದೂ ಪೂರ್ತಿ ತುಂಬುವುದೇ ಇಲ್ಲ. ಬಿಸಿಲಿಗೆ ದ್ರವ ಹಿಗ್ಗಲೆಂದು ಒಳಗೆ ಜಾಗ ಬಿಟ್ಟಿರುತ್ತಾರೆ. ತಿರುವಿನಲ್ಲಿ ದ್ರವ ಹೊರಬದಿಗೆ ನುಗ್ಗುತ್ತದೆ, ಭಾರದ ಕೇಂದ್ರವೂ ಎತ್ತರದಲ್ಲಿರುತ್ತದೆ. ಮಾಮೂಲಿ ಲಾರಿ ದಾಟಿಹೋಗುವ ವೇಗದಲ್ಲೇ ಟ್ಯಾಂಕರ್ ಮಗುಚಲು ಇಷ್ಟು ಸಾಕು. ತಿರುವಿಗೆ ಬರುವ ಮೊದಲೇ ವೇಗ ತಗ್ಗಿಸಿ, ತಿರುವಿನ ನಡುವೆ ಬ್ರೇಕ್ ಒತ್ತುವ ಪ್ರಮೇಯವೇ ಬರದಂತೆ ನೋಡಿಕೊಳ್ಳಬೇಕು.

ಮೂರನೇ ದಿನವನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ನಿಮ್ಮ ಬೆನ್ನ ಹಿಂದಿರುವ ಸರಕು ಎಂಥದ್ದು ಎಂದು ತಿಳಿಯುವುದು ಅಂದೇ. ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ ಅಪಾಯಕಾರಿ ಸರಕುಗಳನ್ನು ಒಂಬತ್ತು ವರ್ಗ ಮಾಡಿದ್ದಾರೆ: ಎರಡನೆಯದು ಅನಿಲಗಳು, ಮೂರನೆಯದು ಹೊತ್ತಿ ಉರಿಯುವ ದ್ರವಗಳು, ಎಂಟನೆಯದು ಆ್ಯಸಿಡ್‌ನಂತೆ ಸುಡುವ ವಸ್ತುಗಳು, ಹೀಗೆ. ಪ್ರತಿ ಸರಕಿಗೂ ನಾಲ್ಕಂಕಿಯ ಸಂಖ್ಯೆಯಿದೆ. ಪೆಟ್ರೋಲ್‌ಗೆ 1203, ಎಲ್‌ಪಿಜಿಗೆ 1075. ಪೆಟ್ರೋಲ್ ಟ್ಯಾಂಕರ್ ಮೇಲೆ ‘3ವೈಇ’ ಎಂಬ ಹಜ್‌ಕೆಮ್ ಸಂಕೇತವನ್ನೂ ನೋಡಿರುತ್ತೀರಿ. 3 ಎಂದರೆ ಬೆಂಕಿಗೆ ನೊರೆ ಬಳಸಬೇಕು. ವೈ ಎಂದರೆ ಸ್ಫೋಟದ ಸಂಭವವಿದೆ, ಉಸಿರಾಟದ ಉಪಕರಣ ಬೇಕು, ದ್ರವ ಚರಂಡಿಗೆ ಹರಿಯದಂತೆ ತಡೆಯಬೇಕು. ಇ ಎಂದರೆ ಸುತ್ತಲಿನ ಜನರನ್ನು ತೆರವುಗೊಳಿಸುವ ಬಗ್ಗೆ ಯೋಚಿಸಬೇಕು. ಅಗ್ನಿಶಾಮಕ ದಳದವರು ದೂರದಿಂದಲೇ ಇದನ್ನು ಓದಿ ಕೆಲಸ ಶುರು ಮಾಡುತ್ತಾರೆ. ಫಲಕಕ್ಕೆ ಮಣ್ಣು ಮೆತ್ತಿಕೊಂಡಿದ್ದರೆ ಅವರ ಕಣ್ಣು ಕಟ್ಟಿದಂತೆ.

ಅಂದೇ ಕಲಿಸುವ ಇನ್ನೊಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಪೆಟ್ರೋಲ್ ಇಳಿಸಿದ ಟ್ಯಾಂಕರ್ ಖಾಲಿಯಾಗಿರುವುದಿಲ್ಲ. ಒಳಗೆ ಉಳಿದ ಆವಿ ಗಾಳಿಯೊಂದಿಗೆ ಬೆರೆತು ಕಿಡಿಗಾಗಿ ಕಾದಿರುತ್ತದೆ. ಖಾಲಿ ಗಾಡಿ ತಾನೆ ಎಂದು ವೆಲ್ಡಿಂಗ್ ಶಾಪ್‌ಗೆ ನೇರವಾಗಿ ಒಯ್ಯಬಾರದು.

ಲೈಸೆನ್ಸ್‌ನಲ್ಲಿ ನಮೂದು

ತರಬೇತಿ ಮುಗಿಸಿ ಸರ್ಟಿಫಿಕೇಟ್ ಜೇಬಿನಲ್ಲಿಟ್ಟುಕೊಂಡರೆ ಕೆಲಸ ಮುಗಿಯಲಿಲ್ಲ. ಲೈಸೆನ್ಸ್ ಮತ್ತು ಸರ್ಟಿಫಿಕೇಟ್ ಜೊತೆಗೆ ನೀವು ವಾಸವಿರುವ ವ್ಯಾಪ್ತಿಯ ಆರ್‌ಟಿಒಗೆ ಅರ್ಜಿ ಹಾಕಿ ಎಂಡಾರ್ಸ್‌ಮೆಂಟ್ ಮಾಡಿಸಿಕೊಳ್ಳಬೇಕು. ‘ಸಾರಥಿ’ ಪೋರ್ಟಲ್‌ನಲ್ಲಿ ಇದಕ್ಕೆಂದೇ ಸೇವೆಯಿದೆ. ಮೊದಲು ಇದರ ಅವಧಿ ಒಂದೇ ವರ್ಷವಿತ್ತು, 2019ರ ತಿದ್ದುಪಡಿಯ ನಂತರ ಮೂರು ವರ್ಷ. ಲೈಸೆನ್ಸ್‌ನಲ್ಲಿ ಸಾರಿಗೆ ವಾಹನದ ಅವಧಿ ಐದು ವರ್ಷ ಎಂದಿರುವುದನ್ನು ನೋಡಿ ಇದೂ ಐದು ವರ್ಷ ಎಂದುಕೊಂಡು ಎಡವಬೇಡಿ. ನವೀಕರಣಕ್ಕೆ ಒಂದು ದಿನದ ಮರುತರಬೇತಿ ಇರುತ್ತದೆ, ಅವಧಿ ಮುಗಿಯುವ ಮೊದಲೇ ಮುಗಿಸಿಕೊಳ್ಳಿ.

ಹಗುರ ವಾಹನದ ಲೈಸೆನ್ಸ್ ಕುರಿತು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಚಾಲಕರಿಗೆ ಅನುಕೂಲಕರವಾದ ತೀರ್ಪು ಕೊಟ್ಟಿತು. ಅಪಾಯಕಾರಿ ಸರಕಿನ ವಾಹನಗಳಿಗಿರುವ ವಿಶೇಷ ಅರ್ಹತೆ ಮಾತ್ರ ಮುಂದುವರಿಯುತ್ತದೆ ಎಂದು ಅದೇ ತೀರ್ಪು ಹೇಳಿದೆ.

ಲೋಡ್ ಎತ್ತುವಾಗ, ನಿಲ್ಲಿಸುವಾಗ

ಸರಕು ಕಳಿಸುವವರು ಅದರ ಅಪಾಯ ಮತ್ತು ತುರ್ತು ಕ್ರಮಗಳ ಪೂರ್ತಿ ಮಾಹಿತಿ ಕೊಡಬೇಕು. ಇದನ್ನೇ ಟ್ರೆಮ್ ಕಾರ್ಡ್ ಎನ್ನುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಿರಿ, ಅರ್ಥವಾಗದ್ದನ್ನು ಹೊರಡುವ ಮೊದಲೇ ವಿವರಿಸಿ ಹೇಳುವಂತೆ ಕೇಳಿ. ಕಾರ್ಡ್ ಸದಾ ಕ್ಯಾಬಿನ್‌ನಲ್ಲಿ ಕೈಗೆಟಕುವಂತಿರಲಿ. ಪ್ರಥಮ ಚಿಕಿತ್ಸೆ ಪೆಟ್ಟಿಗೆ, ರಕ್ಷಣಾ ಸಾಮಗ್ರಿ, ಅಗ್ನಿಶಾಮಕ ಸಿಲಿಂಡರ್, ಸೈಲೆನ್ಸರ್‌ನ ಕಿಡಿ ತಡೆ ಇವೆಯೇ ನೋಡಿ. ಎರಡೂ ಬದಿ ಮತ್ತು ಹಿಂಭಾಗದಲ್ಲಿ ತುರ್ತು ಮಾಹಿತಿ ಫಲಕ ಇರಲೇಬೇಕು.

ಊಟಕ್ಕೆ ನಿಲ್ಲಿಸಿದಾಗ ವಾಹನವನ್ನು ಒಂಟಿಯಾಗಿ ಬಿಡುವಂತಿಲ್ಲ. ನೀವು ಅಥವಾ 18 ವರ್ಷ ತುಂಬಿದ, ಕೆಲಸ ಬಲ್ಲ ಇನ್ನೊಬ್ಬರು ನಿಗಾ ಇಡಬೇಕು. ಢಾಬಾದ ಒಲೆಯಿಂದ, ಮನೆಗಳಿಂದ ದೂರ ನಿಲ್ಲಿಸಿ.

ಅಪಘಾತವಾದರೆ

ಎಲ್‌ಪಿಜಿ ಗಾಳಿಗಿಂತ ಭಾರ. ಮೇಲೆ ಹೋಗಿ ಚದುರುವ ಬದಲು ನೆಲಕ್ಕಂಟಿಕೊಂಡು ಚರಂಡಿ, ತಗ್ಗು, ಮನೆಯೊಳಗೆಲ್ಲ ಹರಿಯುತ್ತದೆ. ಕಣ್ಣಿಗೆ ಬೆಂಕಿ ಕಾಣದಿದ್ದರೂ ದೂರದ ಒಲೆಯೊಂದು ಅದನ್ನು ಹೊತ್ತಿಸಬಲ್ಲದು. ಎಂಜಿನ್ ನಿಲ್ಲಿಸಿ, ಬ್ಯಾಟರಿ ಸಂಪರ್ಕ ತಪ್ಪಿಸಿ, ಗಾಳಿ ಬೀಸಿ ಬರುವ ದಿಕ್ಕಿನತ್ತ ಸಾಗಿ. ಅನಿಲ ಹರಡಿದ ಜಾಗದಿಂದ ಹೊರಬಂದ ಮೇಲೆ 112ಕ್ಕೆ ಮತ್ತು ಫಲಕದಲ್ಲಿರುವ ಸಂಖ್ಯೆಗೆ ಫೋನ್ ಮಾಡಿ. ಅಡುಗೆ ಅನಿಲ ಸೋರಿಕೆಗೆ 1906 ಇದೆ. ಸರಕಿನ ಹೆಸರು, ಅದರ ಸಂಖ್ಯೆ, ಸ್ಥಳ ಹೇಳಿ. ಎರಡೂ ಕಡೆಯಿಂದ ವಾಹನ ತಡೆಯಿರಿ. ಮನೆಗಳವರಿಗೆ ಒಲೆ ಆರಿಸಲು, ಸ್ವಿಚ್ ಮುಟ್ಟದಿರಲು, ಮೊಬೈಲ್ ಹಿಡಿದು ಫೋಟೊಗೆ ಬರದಿರಲು ಕೂಗಿ ಹೇಳಿ. ಟೈರಿಗೆ ಹತ್ತಿದ ಸಣ್ಣ ಬೆಂಕಿಯನ್ನು ಆರಿಸಲು ಯತ್ನಿಸಬಹುದು. ಟ್ಯಾಂಕನ್ನೇ ಜ್ವಾಲೆ ಸುತ್ತಿದ್ದರೆ ನಿಮ್ಮ ಕೆಲಸ ಜನರನ್ನು ದೂರ ಕಳಿಸಿ ನೀವೂ ದೂರ ಹೋಗುವುದು. ಆ್ಯಸಿಡ್ ಚೆಲ್ಲಿದರೆ ಸುತ್ತ ಮಣ್ಣಿನ ಒಡ್ಡು ಹಾಕಿ ಬಾವಿ, ಹಳ್ಳದ ಕಡೆ ಹರಿಯದಂತೆ ತಡೆಯಿರಿ. ಪೊಲೀಸ್ ಠಾಣೆಗೂ ಮಾಲೀಕರಿಗೂ ಕೂಡಲೇ ತಿಳಿಸುವುದು ನಿಯಮ.

ನಿಯಮ ಮುರಿದರೆ ಮೊದಲ ಸಲ 10 ಸಾವಿರ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಸಜೆ, ಇಲ್ಲವೇ ಎರಡೂ.

ಕೊನೆಯದಾಗಿ ಮಾಲೀಕರಿಗೆ ಒಂದು ಮಾತು. ಚಾಲಕನಿಗೆ ತರಬೇತಿ ಆಗಿದೆಯೇ ಎಂದು ನೋಡಿಕೊಳ್ಳುವ ಹೊಣೆ ಕಾನೂನಿನ ಪ್ರಕಾರ ನಿಮ್ಮದೂ ಹೌದು. ಟ್ರಿಪ್ ತಪ್ಪಿದರೆ ಸಂಪಾದನೆ ಹೋಗುತ್ತದೆಂಬ ಚಿಂತೆಯಲ್ಲಿ ಚಾಲಕ ಮೂರು ದಿನದ ಪಾಠವನ್ನು ಅರ್ಧ ದಿನಕ್ಕೆ ಮುಗಿಸಲು ನೋಡುತ್ತಾನೆ. ಆ ಮೂರು ದಿನವನ್ನೂ ಕೆಲಸದ ದಿನವೆಂದೇ ಲೆಕ್ಕ ಹಿಡಿದು ಪೂರ್ತಿ ಸಂಬಳ, ಭತ್ಯೆ ಕೊಟ್ಟು ಕಳಿಸಿ.