ಕರಗುವ ಗುಹೆಗೆ ಕ್ಯಾಮೆರಾ ಹಿಡಿದು ಹೊರಟವರಿಗೆ

ಬೇಸಿಗೆಯಲ್ಲಿ ಕರಗಿದ ನೀರು ಹಿಮನದಿಯೊಳಗೆ ಸುರಂಗ ಕೊರೆಯುತ್ತದೆ. ಚಳಿಗೆ ನೀರು ಇಳಿದಾಗ ಅದೇ ಹಿಮಗುಹೆ. ಐಸ್‌ಲ್ಯಾಂಡಿನ ವಾಟ್ನಾಯೋಕುಲ್ ಹಿಮರಾಶಿಯ ಅಂಚಿನಲ್ಲಿ ಇಂಥವು ಹುಟ್ಟುತ್ತವೆ, ಕುಸಿಯುತ್ತವೆ. ಈ ವರ್ಷ ಕಂಡದ್ದು ಮುಂದಿನ ವರ್ಷ ಇರುತ್ತದೆಂಬ ಭರವಸೆಯಿಲ್ಲ.

1. ನವೆಂಬರ್‌ನಿಂದ ಮಾರ್ಚ್‌ವರೆಗಿನ ಚಳಿಯಲ್ಲೇ ಹೋಗಿ. 2024ರ ಆಗಸ್ಟ್‌ನಲ್ಲಿ, ಅಂದರೆ ಅಲ್ಲಿನ ಬೇಸಿಗೆಯಲ್ಲಿ, ಇದೇ ಹಿಮರಾಶಿಯ ಬ್ರೈದಾಮೆರ್ಕುರ್‌ಯೋಕುಲ್ ಹಿಮನದಿಯಲ್ಲಿ ಮಂಜುಗಡ್ಡೆ ಕುಸಿದು ಪ್ರವಾಸಿಗರೊಬ್ಬರು ಸತ್ತರು. ಚಳಿಗಾಲದಲ್ಲೂ ಜೋರು ಮಳೆ ಬಂದರೆ ಗುಹೆಗೆ ನೀರು ನುಗ್ಗುತ್ತದೆ. ಸ್ಥಳೀಯ ಗೈಡ್ ‘ಇವತ್ತು ಬೇಡ’ ಅಂದರೆ ಬೇಡ. ಇಷ್ಟು ದೂರ ಬಂದಿದ್ದೇವೆ, ಇಷ್ಟು ದುಡ್ಡು ಕೊಟ್ಟಿದ್ದೇವೆ ಎಂದು ಅವರ ಬೆನ್ನು ಹತ್ತಬೇಡಿ.

2. ತಲೆಗೆ ಹೆಲ್ಮೆಟ್, ಬೂಟಿಗೆ ಮುಳ್ಳಿನ ಕ್ರ್ಯಾಂಪಾನ್. ಇದರಲ್ಲಿ ಚೌಕಾಸಿ ಇಲ್ಲ.

3. ಟ್ರೈಪಾಡ್ ಒಯ್ಯಿರಿ. ಒಳಗೆ ಮಬ್ಬು, ಬಾಯಲ್ಲಿ ಕಣ್ಣು ಕುಕ್ಕುವ ಬೆಳಕು. ಒಂದೇ ಕ್ಲಿಕ್ಕಿಗೆ ಎರಡೂ ದಕ್ಕುವುದು ಕಷ್ಟ. ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ಮೂರು ಚಿತ್ರ ತೆಗೆದು ಆಮೇಲೆ ಬೆಸೆಯಿರಿ. ಚಾವಣಿ ತೊಟ್ಟಿಕ್ಕುತ್ತಲೇ ಇರುತ್ತದೆ, ಲೆನ್ಸ್ ಒರೆಸುವ ಬಟ್ಟೆ ಹೆಚ್ಚಿಗೆ ಇರಲಿ.

4. ನೀಲಿಯನ್ನು ಕಂಪ್ಯೂಟರ್‌ನಲ್ಲಿ ಹೆಚ್ಚಿಸಬೇಡಿ. ಒತ್ತಡಕ್ಕೆ ಗಾಳಿಗುಳ್ಳೆಗಳು ಹಿಂಡಿಹೋದ ಗಟ್ಟಿ ಮಂಜು ಕೆಂಪು ಬೆಳಕನ್ನು ಹೀರಿಕೊಂಡು ನೀಲಿಯನ್ನು ಬಿಟ್ಟುಕೊಡುತ್ತದೆ. ಅಸಲಿ ಬಣ್ಣವೇ ನಂಬಲಾಗದಂತಿರುವಾಗ ಉಪ್ಪು-ಖಾರ ಯಾಕೆ? ಗೋಡೆಯ ಕಪ್ಪು ಪಟ್ಟೆಗಳನ್ನು ಕೊಳೆ ಎಂದು ಅಳಿಸುವವರೂ ಇದ್ದಾರೆ. ಅವು ಜ್ವಾಲಾಮುಖಿಯ ಬೂದಿ. ಯಾವ ಸ್ಫೋಟದ ಬೂದಿ ಎಂದು ಗುರುತಿಸಿ ವಿಜ್ಞಾನಿಗಳು ಮಂಜಿನ ವಯಸ್ಸು ತಿಳಿಯುತ್ತಾರೆ. ಅದನ್ನು ಅಳಿಸಿದರೆ ಉಳಿಯುವುದು ಬರೀ ವಾಲ್‌ಪೇಪರ್.

5. ಚಳಿಗೆ ಬ್ಯಾಟರಿ ಬೇಗ ಸೊರಗುತ್ತದೆ. ಹೆಚ್ಚುವರಿ ಬ್ಯಾಟರಿಗಳನ್ನು ಅಂಗಿಯ ಒಳಜೇಬಿನಲ್ಲಿಡಿ. ಬೆಚ್ಚನೆಯ ಕೋಣೆಗೆ ಬರುವ ಮುನ್ನವೇ ಕ್ಯಾಮೆರಾವನ್ನು ಚೀಲದಲ್ಲಿಟ್ಟು ಬಿಗಿಯಾಗಿ ಮುಚ್ಚಿ, ಇಲ್ಲದಿದ್ದರೆ ಅದರ ಮೈಯೆಲ್ಲ ಬೆವರುತ್ತದೆ.

6. ಹೊರಗೆ ಬಂದು ತಿರುಗಿ ನೋಡಿ. ಹಿಮನದಿಯ ತುದಿ ಇವತ್ತು ಎಲ್ಲಿದೆ ಎಂಬ ಚಿತ್ರಕ್ಕೆ ಲೈಕು ಕಡಿಮೆ, ಬೆಲೆ ಹೆಚ್ಚು. ಛಾಯಾಗ್ರಾಹಕ ಜೇಮ್ಸ್ ಬಾಲೊಗ್ 2007ರಲ್ಲಿ ಶುರುಮಾಡಿದ ‘ಎಕ್ಸ್‌ಟ್ರೀಮ್ ಐಸ್ ಸರ್ವೆ’ ಮಾಡಿದ್ದೂ ಇದನ್ನೇ: ಕ್ಯಾಮೆರಾಗಳನ್ನು ಒಂದೇ ಜಾಗದಲ್ಲಿ ನೆಟ್ಟು, ಹಿಮನದಿಗಳು ಹಿಂದೆ ಸರಿಯುವುದನ್ನು ವರ್ಷಗಟ್ಟಲೆ ದಾಖಲಿಸಿತು. ಅಷ್ಟು ನಮ್ಮಿಂದಾಗದು. ಆದರೆ ಕದಲದ ಬಂಡೆಯೊಂದನ್ನು ಚೌಕಟ್ಟಿನೊಳಗೆ ಸೇರಿಸಿಕೊಳ್ಳಿ. ನಿಂತ ಜಾಗದ ಜಿಪಿಎಸ್, ತಾರೀಕು, ಲೆನ್ಸಿನ ಅಳತೆಯನ್ನು ಫೈಲಿನಲ್ಲೇ ಬರೆದಿಡಿ. ನಾಳೆ ಬೇರೆ ಯಾರೋ ಅದೇ ಜಾಗದಲ್ಲಿ ನಿಂತು ಇನ್ನೊಂದು ಚಿತ್ರ ತೆಗೆಯಬೇಕಲ್ಲ.